80 ಪರ್ಸೆಂಟ್ ಬಿದ್ದಿರೋ ಟೆಕ್ ಶೇರು ಈಗ ತಗೋಬಹುದಾ?

ಪ್ರಶ್ನೆ: ಸಾರ್, ಮಾರ್ಕೆಟ್ ಕ್ರ್ಯಾಶ್ ಆದ್ಮೇಲೆ ನಾನು ಕಣ್ಣಿಟ್ಟಿದ್ದ ಟೆಕ್ನಾಲಜಿ ಶೇರುಗಳೆಲ್ಲ 70-80 ಪರ್ಸೆಂಟ್ ಬಿದ್ದಿವೆ, ಇನ್ನೆಷ್ಟು ತಾನೇ ಬೀಳುತ್ತೆ ಅಂತಾರೆ ಫ್ರೆಂಡ್ಸು. ಅಮೆಜಾನ್ ಕೂಡ ಹೀಗೇ ಬಿದ್ದು ಎದ್ದಿದ್ದಲ್ವಾ? ಉಳಿತಾಯದ ದುಡ್ಡೆಲ್ಲ ಒಟ್ಟಿಗೆ ಹಾಕ್ಬಿಡ್ಲಾ?

ಉತ್ತರ: ಒಟ್ಟಿಗೆ ಖಂಡಿತ ಬೇಡ. ಇನ್ನೆಷ್ಟು ಬೀಳುತ್ತೆ ಅನ್ನೋ ಮಾತೇ ಅಪಾಯ. 100 ಡಾಲರ್ ಇದ್ದ ಶೇರು 80 ಪರ್ಸೆಂಟ್ ಬಿದ್ದು 20ಕ್ಕೆ ಬಂತು, ನೀವು ತಗೊಂಡ್ರಿ, ಆಮೇಲೆ ಅದು 10ಕ್ಕೆ ಇಳೀತು ಅನ್ನಿ, ಜನ ಅದನ್ನ ಬರೀ 90 ಪರ್ಸೆಂಟ್ ಬಿದ್ದ ಶೇರು ಅಂತಾರೆ ಆದ್ರೆ ನಿಮ್ ದುಡ್ಡು ಅರ್ಧಕ್ಕರ್ಧ ಹೋಗಿರುತ್ತೆ.

ಅಮೆಜಾನ್ ವಿಷ್ಯ ನಿಜ, 100 ಡಾಲರ್ ದಾಟಿದ್ದು 2001ರಲ್ಲಿ 6 ಡಾಲರ್‌ಗಿಂತ ಕೆಳಗೆ ಬಂದಿತ್ತು. ಆದ್ರೆ ಅದು ಉಳ್ಕೊಳ್ಳೋಕೆ ಒಂದು ದೊಡ್ಡ ಕಾರಣ, ಮಾರ್ಕೆಟ್ ಕುಸಿಯೋಕೆ ಸ್ವಲ್ಪ ಮುಂಚೆ, 2000ದ ಫೆಬ್ರವರಿಯಲ್ಲಿ ಯುರೋಪ್‌ನಲ್ಲಿ ಬಾಂಡ್ (ಸಾಲಪತ್ರ) ಮಾರಿ 690 ಮಿಲಿಯನ್ ಯುರೋ ಎತ್ತಿತ್ತು, ಕೈಲಿ ಕ್ಯಾಶ್ ಇತ್ತು. ಅದೇ ತಿಂಗಳು ಮಾರ್ಕೆಟ್‌ಗೆ ಬಂದ, ಸಾಕುಪ್ರಾಣಿಗಳ ಸಾಮಾನು ಆನ್‌ಲೈನಲ್ಲಿ ಮಾರ್ತಿದ್ದ ಪೆಟ್ಸ್ ಡಾಟ್ ಕಾಮ್ ನವೆಂಬರ್‌ಗೆಲ್ಲ ಬಾಗಿಲು ಹಾಕ್ತು. ಎರಡೂ ಶೇರು ಪಾತಾಳಕ್ಕೆ ಬಿದ್ದಿದ್ವು, ಚಾರ್ಟ್ ನೋಡಿ ಯಾವ್ದು ಉಳಿಯುತ್ತೆ ಅಂತ ಹೇಳೋಕೆ ಆಗ್ತಿರ್ಲಿಲ್ಲ.

ಹಾಗಾಗಿ ಮೊದ್ಲು ಕಂಪನಿಯ ಬ್ಯಾಲೆನ್ಸ್ ಶೀಟ್, ಅಂದ್ರೆ ಆಸ್ತಿ-ಸಾಲದ ಪಟ್ಟಿ, ತೆಗೀರಿ. ಕ್ಯಾಶ್ ಎಷ್ಟಿದೆ, ಕ್ಯಾಶ್ ಫ್ಲೋ (ದುಡ್ಡು ಬಂದು ಹೋಗೋ) ಪಟ್ಟೀಲಿ ಮೂರು ತಿಂಗಳಿಗೆ ಎಷ್ಟು ಖರ್ಚಾಗಿ ಹೋಗ್ತಿದೆ ನೋಡಿ. 600 ಮಿಲಿಯನ್ ಇದ್ದು ಕ್ವಾರ್ಟರ್‌ಗೆ 100 ಮಿಲಿಯನ್ ಕರಗ್ತಿದ್ರೆ ಒಂದೂವರೆ ವರ್ಷ, ಅಷ್ಟೇ. ಅದರ ಮಧ್ಯೆ ತೀರಿಸ್ಬೇಕಾದ ಸಾಲ ಏನಾದ್ರೂ ಇದ್ಯಾ? ಇದ್ರೆ ಕಂಪನಿ ಬಿದ್ದ ರೇಟಲ್ಲೇ ಹೊಸ ಶೇರು ಮಾರಿ ದುಡ್ಡು ಎತ್ತಬೇಕಾಗಬಹುದು, ಆಗ ನಿಮ್ ಪಾಲು ತೆಳುವಾಗುತ್ತೆ, ಮುಂದೆ ಕಂಪನಿ ಚೇತರಿಸ್ಕೊಂಡ್ರೂ ನಿಮಗೆ ಪೂರ್ತಿ ಲಾಭ ಸಿಗಲ್ಲ. ಇನ್ನೊಂದು, ಎಂಪ್ಲಾಯಿಗಳಿಗೆ ಕೊಡೋ ಶೇರಿನ ಖರ್ಚನ್ನ ಕಳೀದೇ ತೋರಿಸೋ ಲಾಭವನ್ನ ಲಾಭ ಅಂತ ಲೆಕ್ಕಕ್ಕೇ ತಗೋಬೇಡಿ ದಯವಿಟ್ಟು.

ಎಲ್ಲಾ ಬಿದ್ದ ಶೇರೂ ಕೆಟ್ಟದ್ದಲ್ಲ. 2022ರಲ್ಲಿ ಫೇಸ್‌ಬುಕ್‌ನ ಕಂಪನಿ ಮೆಟಾ ಸುಮಾರು 64 ಪರ್ಸೆಂಟ್ ಬಿತ್ತು, ಆಗ್ಲೂ ಕಂಪನಿ ಲಾಭದಲ್ಲೇ ಇತ್ತು, ಮುಂದಿನ ವರ್ಷ ಹೆಚ್ಚುಕಮ್ಮಿ ಮೂರು ಪಟ್ಟಾಯ್ತು. ನೀವು ಹುಡುಕ್ಬೇಕಾಗಿರೋದು ಇಂಥದ್ದನ್ನ.

ಆದ್ರೂ ಟೈಮ್ ಎಷ್ಟು ಹಿಡಿಯುತ್ತೆ ಯಾರಿಗೂ ಗೊತ್ತಿರಲ್ಲ. ಟೆಕ್ ಶೇರುಗಳೇ ಹೆಚ್ಚಿರೋ ಅಮೆರಿಕದ ಇಂಡೆಕ್ಸ್ (ಸೂಚ್ಯಂಕ) ನ್ಯಾಸ್ಡಾಕ್ 2000ದ ಮಾರ್ಚ್‌ನಲ್ಲಿ 5,000 ದಾಟಿತ್ತು, 2002ರ ಅಕ್ಟೋಬರ್‌ಗೆ 1,100ರ ಹತ್ರ ಬಂತು, ಮತ್ತೆ ಹಳೇ ಮಟ್ಟ ಮುಟ್ಟಿದ್ದು 2015ರಲ್ಲಿ. ಇಂಡೆಕ್ಸ್‌ಗೇ 15 ವರ್ಷ! ಅದಕ್ಕೇ ಮುಂದಿನ ನಾಲ್ಕೈದು ವರ್ಷದಲ್ಲಿ ಬೇಕಾಗೋ ದುಡ್ಡನ್ನ ಇದಕ್ಕೆ ಹಾಕ್ಲೇಬೇಡಿ. ಉಳಿದದ್ರಲ್ಲಿ ಒಂದು ಭಾಗ ಮಾತ್ರ ತೆಗೆದಿಟ್ಟು, ಅದನ್ನೂ ಐದಾರು ಕಂತು ಮಾಡಿ. ರೇಟ್ ಇನ್ನೂ ಬಿತ್ತು ಅಂತ ಮುಂದಿನ ಕಂತು ಹಾಕೋದಲ್ಲ, ಹೊಸ ಕ್ವಾರ್ಟರ್ ರಿಸಲ್ಟ್ ಬಂದ್ಮೇಲೆ ಮೇಲಿನ ಲೆಕ್ಕ ಮತ್ತೆ ಹಾಕಿ, ಕ್ಯಾಶ್ ಇನ್ನೂ ಗಟ್ಟಿಯಾಗಿದೆ ಅಂತ ಅನ್ಸಿದ್ರೆ ಮಾತ್ರ ಹಾಕಿ.