‘ಬಿಗಿನ್’ ಅಂದ ಮಾತ್ರಕ್ಕೆ ಬೀಗ ಬೀಳುವುದಿಲ್ಲ

ನಮಸ್ಕಾರ,

ಡೇಟಾಬೇಸ್ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಎನ್ನುವ ಕೆಲಸಗಳ ಕಟ್ಟು) ಬಗ್ಗೆ ನೀವು ಕಳಿಸಿದ ‘ಟ್ರಾನ್ಸಾಕ್ಷನ್ ಎಂಬ ಕಾವಲುಗಾರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಭಾಷೆ ಸಲೀಸಾಗಿದೆ, ಎಡವಿರುವುದು ವಿಷಯದಲ್ಲಿ.

ಬಿಗಿನ್ ಟ್ರಾನ್ಸಾಕ್ಷನ್ ಶುರುಮಾಡುವ ಆಜ್ಞೆ, ಕಮಿಟ್ ಅದನ್ನು ಖಾಯಂ ಮಾಡುವ ಆಜ್ಞೆ. ‘ಬಿಗಿನ್, ಕಮಿಟ್ ನಡುವೆ ಇರುವ ಕೋಡ್‌ಗೆ ಬೇರೆಯವರ ಕಾಟವಿಲ್ಲ’ ಎಂದಿದ್ದೀರಿ. ನಿಮ್ಮದೇ ಟಿಕೆಟ್ ಉದಾಹರಣೆಯನ್ನು ಇಬ್ಬರ ಕೈಯಲ್ಲಿ ಓಡಿಸಿ ನೋಡೋಣ. ಉಳಿದಿರುವುದು 1 ಸೀಟು. ಮೊದಲ ಸೆಷನ್ (ಡೇಟಾಬೇಸ್‌ಗೆ ಒಬ್ಬರ ಸಂಪರ್ಕ) ಸೆಲೆಕ್ಟ್ ಮಾಡಿ 1 ಎಂದು ಓದಿತು. ಅದು ಕಮಿಟ್ ಆಗುವ ಮೊದಲೇ ಎರಡನೆಯದೂ 1 ಎಂದೇ ಓದಿತು. ಇಬ್ಬರೂ ಕೋಡ್‌ನಲ್ಲಿ ಒಂದು ಕಳೆದು, 0 ಎಂದು ಅಪ್‌ಡೇಟ್ ಕಳಿಸಿದರು. ಎರಡನೆಯ ಅಪ್‌ಡೇಟ್ ಕಾಯುತ್ತದೆ, ನಿಜ. ಮೊದಲನೆಯದು ಕಮಿಟ್ ಆದ ಮೇಲೆ ಆ 0 ಮೇಲೆಯೇ ಇನ್ನೊಂದು 0 ಬರೆಯುತ್ತದೆ. ಎರರ್ ಇಲ್ಲ, ಏನಿಲ್ಲ. ಒಂದು ಸೀಟಿಗೆ ಇಬ್ಬರು.

ಒಂದು ಟ್ರಾನ್ಸಾಕ್ಷನ್ ಇನ್ನೊಂದರಿಂದ ಎಷ್ಟು ಬೇರೆಯಾಗಿರಬೇಕು ಎಂಬುದೇ ಐಸೊಲೇಷನ್ ಹಂತ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೀಫಾಲ್ಟ್ ಹಂತವಾದ ರೀಡ್ ಕಮಿಟೆಡ್‌ನಲ್ಲಿ ಹೀಗಾಗುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಸ್ಟೋರೇಜ್ ಎಂಜಿನ್ ಆದ ಇನ್ನೊಡಿಬಿಯ ಡೀಫಾಲ್ಟ್ ರಿಪೀಟಬಲ್ ರೀಡ್. ಅಲ್ಲೂ ಇದೇ ಕಥೆ. ಅದೇ ಹೆಸರಿನ ಹಂತದಲ್ಲಿ ಪೋಸ್ಟ್‌ಗ್ರೆಸ್ ಮಾತ್ರ ಎರಡನೆಯವರನ್ನು 40001 ಎರರ್ (ಇನ್ನೊಂದು ಟ್ರಾನ್ಸಾಕ್ಷನ್ ಜತೆ ಘರ್ಷಣೆಯಾಯಿತು ಎಂಬ ಸಂಕೇತ) ಕೊಟ್ಟು ವಾಪಸ್ ಕಳಿಸುತ್ತದೆ. ನಾಲ್ಕು ಐಸೊಲೇಷನ್ ಹಂತಗಳ ಪಟ್ಟಿಗೆ ಒಂದೂವರೆ ಪುಟ ಕೊಟ್ಟಿದ್ದೀರಲ್ಲ, ಅದನ್ನು ತೆಗೆದು ಈ ವ್ಯತ್ಯಾಸ ಬರೆಯಿರಿ.

ಪರಿಹಾರಕ್ಕೆ ಎರಡು ದಾರಿ. ಓದುವಾಗಲೇ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಹಾಕಿ ರೋ (ಟೇಬಲ್‌ನ ಒಂದು ಸಾಲು) ಲಾಕ್ ಮಾಡಿ ಹಿಡಿದುಕೊಳ್ಳುವುದು. ಇಲ್ಲವೇ ಓದುವ ಗೋಜಿಗೇ ಹೋಗದೆ, ಸೀಟು 0ಗಿಂತ ಹೆಚ್ಚಿದ್ದರೆ ಒಂದು ಕಳೆ ಎಂದು ಒಂದೇ ಅಪ್‌ಡೇಟ್‌ನಲ್ಲಿ ಹೇಳಿ, ಎಷ್ಟು ರೋ ಬದಲಾಯಿತು ಎಂದು ನೋಡುವುದು; ಒಂದೂ ಬದಲಾಗದಿದ್ದರೆ ಸೀಟು ಸಿಗಲಿಲ್ಲ ಎಂದರ್ಥ. ನನಗೆ ಎರಡನೆಯದೇ ಇಷ್ಟ.

ಇನ್ನು ಡೆಡ್‌ಲಾಕ್. ನೀವು ಬರೆದಂತೆ ಅದು ‘ಡೇಟಾಬೇಸ್‌ನ ದೋಷ’ ಅಲ್ಲ. ಒಬ್ಬ 5ನೇ ರೋ ಹಿಡಿದು 9ಕ್ಕೆ ಕಾದ, ಇನ್ನೊಬ್ಬ 9 ಹಿಡಿದು 5ಕ್ಕೆ ಕಾದ. ಡೇಟಾಬೇಸ್ ಒಬ್ಬನನ್ನು ರೋಲ್‌ಬ್ಯಾಕ್ ಮಾಡಿ, ಅಂದರೆ ಅವನು ಮಾಡಿದ್ದನ್ನೆಲ್ಲ ರದ್ದುಮಾಡಿ, ಗಂಟು ಬಿಡಿಸಿತು. ಎಲ್ಲರೂ ಐಡಿ ಕ್ರಮದಲ್ಲೇ ಹಿಡಿದರೆ ಈ ಗಂಟು ಬೀಳುವುದಿಲ್ಲ. ರಿಟ್ರೈ (ಮರುಪ್ರಯತ್ನ) ಬಗ್ಗೆ ನೀವು ಬರೆದದ್ದೂ ಅರ್ಧ ಸರಿ: ಕೊನೆಯ ಅಪ್‌ಡೇಟ್ ಒಂದನ್ನೇ ಅಲ್ಲ, ಮೊದಲ ಓದಿನಿಂದಲೇ ಮತ್ತೆ ಶುರು ಮಾಡಬೇಕು.

ನಿಮ್ಮ ಕೊನೆಯ ಉದಾಹರಣೆಯಲ್ಲಿ ಪೇಮೆಂಟ್ ಸರ್ವರ್‌ಗೆ ಹೋಗುವ ಕರೆ ಟ್ರಾನ್ಸಾಕ್ಷನ್ ಒಳಗೇ ಇದೆ. ಒಂದು ಕಾಲಕ್ಕೆ ನಾನೂ ಹಾಗೇ ಬರೆದಿದ್ದೆ. ಆ ಸರ್ವರ್ ನಿಧಾನವಾದ ರಾತ್ರಿ, ಲಾಕ್ ಹಿಡಿದ ಒಂದು ರೋ ಹಿಂದೆ ಎಲ್ಲರೂ ಸಾಲು ನಿಂತರು. ಇನ್ನೊಡಿಬಿ ಲಾಕ್‌ಗಾಗಿ ಡೀಫಾಲ್ಟ್ ಆಗಿ 50 ಸೆಕೆಂಡ್ ಕಾಯುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಎರಡು ಟರ್ಮಿನಲ್ ತೆರೆದು ಟಿಕೆಟ್ ಉದಾಹರಣೆಯನ್ನು ನೀವೇ ಓಡಿಸಿ, ಕಂಡದ್ದನ್ನು ಬರೆದು ಕಳಿಸಿ. ಆ ಕಾವಲುಗಾರನನ್ನು ಶೀರ್ಷಿಕೆಯಿಂದ ಇಳಿಸಿಬಿಡಿ.

— ಸಂಪಾದಕ