‘ಮನೆಗೆ ಹೋಗೋಣ’ ಎನ್ನುವ ಅತ್ತೆ

ಪ್ರಶ್ನೆ: ನಮ್ಮ ಅತ್ತೆಗೆ 78 ವರ್ಷ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಎಂದು ವೈದ್ಯರು ಹೇಳಿ ಎರಡು ವರ್ಷವಾಯಿತು. ಸಂಜೆಯಾದರೆ ಸಾಕು, ಎಲೆಯಡಿಕೆ ಸೆರಗಿಗೆ ಕಟ್ಟಿಕೊಂಡು ‘ಮನೆಗೆ ಹೋಗೋಣ’ ಎಂದು ಬಾಗಿಲಿಗೆ ಬರುತ್ತಾರೆ. ‘ಇದೇ ನಿಮ್ಮ ಮನೆ’ ಎಂದರೆ ಸಿಟ್ಟು. ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ. ಪತಿ, ಮೈದುನ, ನಾದಿನಿ ಎಲ್ಲರಿಗೂ ಅವರೆಂದರೆ ಪ್ರೀತಿಯೇ. ಆದರೆ ‘ನಿನಗೇ ಚೆನ್ನಾಗಿ ಗೊತ್ತು’ ಎಂದು ಸರಿದುಬಿಡುತ್ತಾರೆ. ಅತ್ತೆಯನ್ನು ನೋಡಿಕೊಳ್ಳುವುದನ್ನು ಇವರಿಗೆಲ್ಲ ಕಲಿಸುವುದು ಹೇಗೆ?
– ಹೆಸರು ಬೇಡ, ಸಾಗರ

ಉತ್ತರ: ನನ್ನ ತಾಯಿಯನ್ನು ಆರು ವರ್ಷ ಹೀಗೆಯೇ ನೋಡಿಕೊಂಡೆ. ‘ಅಪ್ಪ ಕಾಯುತ್ತಿರುತ್ತಾರೆ’ ಎನ್ನುತ್ತಿದ್ದರು. ‘ಅಜ್ಜ ಹೋಗಿ ನಲವತ್ತು ವರ್ಷವಾಯಿತಮ್ಮ’ ಎಂದು ನಾನು ತಿದ್ದುತ್ತಿದ್ದೆ. ಪ್ರತಿ ಸಲವೂ ಅದು ಅವರಿಗೆ ಹೊಸ ಸುದ್ದಿ, ಪ್ರತಿ ಸಲವೂ ಅಳು. ಒಂದೇ ವಾರದಲ್ಲಿ ಮೂರು ಸಲ ಅಮ್ಮನನ್ನು ತಬ್ಬಲಿ ಮಾಡಿದೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನಿನ್ನೆ ಮೊನ್ನೆಯದು ಮೊದಲು ಅಳಿಸುತ್ತದೆ, ಬಾಲ್ಯದ್ದು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಅತ್ತೆ ಕೇಳುತ್ತಿರುವುದು ತವರನ್ನಿರಬಹುದು. ವಾದ ಬೇಡ. ‘ಮನೆಯಲ್ಲಿ ಯಾರ್‍ಯಾರಿದ್ದಾರೆ? ಕೊಟ್ಟಿಗೆಯಲ್ಲಿ ಎಷ್ಟು ಹಸು?’ ಎಂದು ಕೇಳಿ. ನನ್ನ ತಾಯಿ ಹಸುಗಳ ಹೆಸರು ಹೇಳುತ್ತಾ ಹಾಲು ಕರೆಯುವ ಮಾತಿಗೆ ಬರುವ ಹೊತ್ತಿಗೆ ಹೊರಡುವುದನ್ನು ಮರೆಯುತ್ತಿದ್ದರು. ಮಬ್ಬುಗತ್ತಲೆಯ ನೆರಳುಗಳು ಗೊಂದಲ ಹೆಚ್ಚಿಸುತ್ತವೆ, ಕತ್ತಲಾಗುವ ಮೊದಲೇ ದೀಪ ಹಾಕಿ.

ಸ್ನಾನದ ವಿಷಯ ನನಗೆ ಕಲಿಸಿದವರು ಮನೆಗೆ ಬರುತ್ತಿದ್ದ ಒಬ್ಬ ನರ್ಸ್. ನಾನು ನೇರ ತಲೆಗೆ ನೀರು ಸುರಿಯುತ್ತಿದ್ದೆ, ಅಮ್ಮ ಕಿರುಚುತ್ತಿದ್ದರು. ನರ್ಸ್ ಅಮ್ಮನ ಹೆಗಲಿಗೆ ಒಣ ಟವೆಲ್ ಹೊದೆಸಿ, ‘ಪಾದಕ್ಕೆ ನೀರು ಹಾಕುತ್ತೇನೆ’ ಎಂದು ಹೇಳಿ ಪಾದಕ್ಕೆ ಹಾಕಿದರು. ಆಮೇಲೆ ಮೊಣಕಾಲಿಗೆ. ಆಮೇಲೆ ಚೊಂಬನ್ನು ಅಮ್ಮನ ಕೈಗೇ ಕೊಟ್ಟರು. ಅಮ್ಮ ಒಂದು ಕ್ಷಣ ಚೊಂಬನ್ನು ನೋಡಿ, ತಾವೇ ತೊಡೆಯ ಮೇಲೆ ಸುರಿದುಕೊಂಡರು.

ನೋಡಿ, ಈ ಚೊಂಬಿನ ಸಂಗತಿಯನ್ನು ಫೋನಿನಲ್ಲಿ ವಿವರಿಸಿದ್ದರೆ ನನಗೂ ಅರ್ಥವಾಗುತ್ತಿರಲಿಲ್ಲ. ನಿಮ್ಮವರಿಗೂ ಮಾತಿನಿಂದ ಬಾರದು. ನಾದಿನಿ ಬಂದಾಗ ಸ್ನಾನ ಅವರದು. ಮೊದಲ ಸಲ ಜೊತೆಗಿರಿ, ಎರಡನೆಯ ಸಲ ಬಚ್ಚಲ ಬಾಗಿಲಾಚೆ ನಿಲ್ಲಿ, ಮೂರನೆಯ ಸಲ ಮನೆಯಲ್ಲೇ ಇರಬೇಡಿ. ಅವರು ತಪ್ಪು ಮಾಡುತ್ತಾರೆ, ನೀವೂ ಮಾಡಿದ್ದಿರಿ. ದೂರವಿರುವವರು ಮಾತ್ರೆ, ವೈದ್ಯರ ಭೇಟಿ, ಲೆಕ್ಕ ನೋಡಿಕೊಳ್ಳಲಿ. ಒಂದು ನೋಟ್‌ಬುಕ್ ಇಟ್ಟು, ಯಾವ ಮಾತಿಗೆ ಅತ್ತೆ ಸಮಾಧಾನವಾದರು ಎಂದು ಎಲ್ಲರೂ ಬರೆಯಿರಿ. ‘ಅರವತ್ತಕ್ಕೆ ಅರಳುಮರಳು’ ಎಂದು ಯಾರಾದರೂ ತಳ್ಳಿಹಾಕಿದರೆ, ಇದು ಮೆದುಳಿನ ಕಾಯಿಲೆ ಎಂದು ಖಡಾಖಂಡಿತವಾಗಿ ಹೇಳಿ.

ಒಂದು ಎಚ್ಚರಿಕೆ ಮನೆಯವರೆಲ್ಲರಿಗೂ ಗೊತ್ತಿರಲಿ. ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ಅಥವಾ ಮಂಪರು ಕವಿದರೆ ಕಾಯಿಲೆ ಮುಂದುವರಿಯಿತು ಎಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ ಕಾರಣವಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ನಿಮಗೆ ಅಳು ಬಂದ ರಾತ್ರಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆರೈಕೆ ಮಾಡುವವರ ಸಂಕಟವನ್ನೂ ಅಲ್ಲಿ ಹೇಳಿಕೊಳ್ಳಬಹುದು.

ಈ ಭಾನುವಾರ ಸಂಜೆ ಐದೂವರೆಗೆ ಅತ್ತೆಯ ಚಪ್ಪಲಿಯನ್ನು ಪತಿಯ ಕೈಗೆ ಕೊಡಿ. ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬರಲಿ. ತಿರುಗಿ ಬಂದಾಗ ನೀವು ಬಾಗಿಲಲ್ಲಿ ನಿಂತು ‘ಬನ್ನಿ, ಮನೆಗೆ ಬಂದಿರಲ್ಲ’ ಎನ್ನಿ.