ಶುಗರ್ ಇರುವವರ ಕಣ್ಣನ್ನು ಎಐ ನೋಡಿ 'ತೊಂದರೆ ಇಲ್ಲ' ಅಂದರೆ ನಂಬಬಹುದಾ?

ಬಾಗಲಕೋಟೆಯ ಶಿಬಿರದಲ್ಲಿ ನಿಮ್ಮ ಅವ್ವನ ಕಣ್ಣಿನ ಫೋಟೋ ತೆಗೆದು, ಎಐ 'ತೊಂದರೆ ಇಲ್ಲ' ಅಂದಿದೆ ಎಂದು ಬರೆದಿದ್ದೀರಿ. ನಂಬಬಹುದು, ಆದರೆ ಅದು ಏನನ್ನು ನೋಡಿದೆ ಅಂತ ತಿಳಿದುಕೊಳ್ಳಿ.

ಶುಗರ್ ಜಾಸ್ತಿ ವರ್ಷ ಇದ್ದರೆ ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು ಉಬ್ಬಿ ಸೋರಬಹುದು. ಫೋಟೋದಲ್ಲಿ ಅವು ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ, ಹಳದಿ ಕಲೆಗಳಾಗಿ ಕಾಣುತ್ತವೆ. ವೈದ್ಯರು ಮೊದಲೇ ನೋಡಿ ಗುರುತಿಸಿದ ಸಾವಿರಾರು ಫೋಟೋಗಳಿಂದ ಎಐ ಇದನ್ನು ಕಲಿಯುತ್ತದೆ. 2016ರಲ್ಲಿ ಗೂಗಲ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 1,28,175 ಫೋಟೋ ಬಳಸಿದ್ದರು. ನಮ್ಮ ದೇಶದ ಆಸ್ಪತ್ರೆಗಳ ಫೋಟೋಗಳೂ ಅದರಲ್ಲಿದ್ದವು.

ಆದರೆ ಕಣ್ಣಿಗೆ ಪೊರೆ ಬಂದಿದ್ದರೆ ಫೋಟೋ ಮಬ್ಬಾಗಬಹುದು. ಆಗ 'ಫೋಟೋ ಸರಿಯಿಲ್ಲ' ಅಂತ ಬಂದರೆ ಅದನ್ನು 'ತೊಂದರೆ ಇಲ್ಲ' ಅಂದುಕೊಳ್ಳಬೇಡಿ, ನೇರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಕಣ್ಣಿನ ಒತ್ತಡವನ್ನೂ ಈ ಫೋಟೋ ಅಳೆಯುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು.

ಅವ್ವ ಇನ್ನೂ ಕೌದಿ ಹೊಲಿಯುತ್ತಾರೆ, ಸೂಜಿಗೆ ದಾರ ತಾವೇ ಪೋಣಿಸುತ್ತಾರೆ ಅಂತ ಸುಮ್ನೆ ಇರಬೇಡಿ. ಶುಗರಿನಿಂದ ಬರುವ ಈ ಕಣ್ಣಿನ ರೋಗದಲ್ಲಿ ಮೊದಮೊದಲು ನೋವೂ ಇರುವುದಿಲ್ಲ, ನೋಟವೂ ಮಂಜಾಗುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಈ ಸಲದ ಚೀಟಿಯನ್ನು ಜೋಪಾನವಾಗಿ ಇಟ್ಟಿರಿ. ಮುಂದಿನ ಸಲ ಹೋಲಿಸಿ ನೋಡಲು ಡಾಕ್ಟರಿಗೆ ಬೇಕಾಗುತ್ತದೆ.